ಚಿತ್ರಕಥೆಯ ಮಾಸ್ತರ: ಪುಟ್ಟಣ್ಣ ಕಣಗಾಲ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಗತಿಸಿಹೋದ ಹಿರಿಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶರಣರ ಬಗ್ಗೆ, ಕವಿಗಳ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಸಿನಿಮಾ ನಿರ್ದೇಶಕ ಪುಟ್ಟಣ್ಣ ಕಣಗಾಲರನ್ನು ಆರಿಸಿಕೊಂಡೆ. ಈ ಶಾಲೆಯಲ್ಲಿ ಕಲಿತು, ಮುಂದೆ ಬೇರೆ ಊರುಗಳಲ್ಲಿ ಕನ್ನಡ ಮಾಸ್ತರಿಕೆ ಮಾಡಿದವನು ನಾನು. ಒಳ್ಳೆಯ ಕಥೆ ಯಾವುದು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಪಠ್ಯಪುಸ್ತಕದಿಂದ ಎಷ್ಟು ಕಲಿತೆನೋ ಇವರ ಸಿನಿಮಾಗಳಿಂದಲೂ ಅಷ್ಟೇ ಕಲಿತಿದ್ದೇನೆ.

ಅಳೆಯುವ ಕೆಲಸ ನಮ್ಮ ಇಟಗಿಯವರಿಗೆ ಹೊಸದಲ್ಲ. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನೋಡಲು ಬಂದವರು ಕಂಬದ ಕುಸುರಿ ಕಂಡು ಬೆರಗಾಗುತ್ತಾರೆ. ಆದರೆ ಆ ಕಂಬ ಅಲ್ಲಿಯೇ ಏಕೆ ನಿಂತಿದೆ, ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಕೇಳಿದಾಗಲೇ ಕಟ್ಟಿದವರ ಬುದ್ಧಿ ತಿಳಿಯುವುದು. ಸಿನಿಮಾದಲ್ಲಿ ಹಾಡು, ಮಾತು, ಬಣ್ಣ ಇವೆಲ್ಲ ಕುಸುರಿ. ಯಾವ ಘಟನೆ ಮೊದಲು ಬರಬೇಕು, ಯಾವುದನ್ನು ತಡೆದು ಹೇಳಬೇಕು, ಕಥೆಯಲ್ಲಿ ಯಾರ ಸಂಗಡ ನಾವು ನಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತುಮಾಡುವ ಒಳಗಿನ ಕಟ್ಟಡವೇ ಚಿತ್ರಕಥೆ. ಅದು ಕಣ್ಣಿಗೆ ಬೀಳುವುದಿಲ್ಲ, ಆದರೆ ಭಾರವನ್ನೆಲ್ಲ ಹೊರುವುದು ಅದೇ.

ಪುಟ್ಟಣ್ಣನವರು ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಹೆತ್ತವರು ಇಟ್ಟ ಹೆಸರು ಸೀತಾರಾಮ ಶರ್ಮ. ಮನೆಯಲ್ಲಿ ಬಡತನ. ಹೊಟ್ಟೆಪಾಡಿಗಾಗಿ ಕ್ಲೀನರ್ ಆದರು, ಅಂಗಡಿ ಮಾಲು ಮಾರಿದರು, ಕೆಲವು ಕಾಲ ಮಾಸ್ತರಿಕೆಯನ್ನೂ ಮಾಡಿದರು. ಸಿನಿಮಾ ಪ್ರಚಾರದ ಕೆಲಸಕ್ಕೆ ಸೇರಿದಾಗ ಆ ಕಡೆ ಮನಸ್ಸು ಎಳೆಯಿತು. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಕೂಡ ಸಿನಿಮಾಕ್ಕೆ ಹಾಡು, ಸಂಭಾಷಣೆ ಬರೆದವರು. ಪುಟ್ಟಣ್ಣ ಮದ್ರಾಸಿನಲ್ಲಿ ಬಿ. ಆರ್. ಪಂತುಲು ಅವರ ಬಳಿ ಮೊದಲು ಕಾರು ಚಾಲಕರಾಗಿ ಸೇರಿ, ನಂತರ ಅವರ ಸಹಾಯಕ ನಿರ್ದೇಶಕರಾದರು. ಸ್ಟೇರಿಂಗ್ ಹಿಡಿದ ಕೈಗೆ ಕ್ಯಾಮೆರಾ ಒಲಿದದ್ದು ಹೀಗೆ. 1964ರಲ್ಲಿ ಮಲಯಾಳಂನ 'ಸ್ಕೂಲ್ ಮಾಸ್ಟರ್' ಚಿತ್ರದ ಮೂಲಕ ನಿರ್ದೇಶಕರಾದರು. ಪಂತುಲು ಅವರು 1958ರಲ್ಲಿ ಕನ್ನಡದಲ್ಲಿ ತೆಗೆದ ಅದೇ ಹೆಸರಿನ ಚಿತ್ರದ ಕಥೆ ಅದು. ಮಾಸ್ತರನ ಕಥೆಯಿಂದಲೇ ಅವರ ಲೆಕ್ಕ ಶುರುವಾಯಿತು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಕನ್ನಡಕ್ಕೆ ಅವರು ಬಂದದ್ದು 1967ರ 'ಬೆಳ್ಳಿಮೋಡ'ದಿಂದ. ತ್ರಿವೇಣಿಯವರ ಕಾದಂಬರಿ ಅದು. ಲೇಖಕಿ 1963ರಲ್ಲೇ ತೀರಿಕೊಂಡಿದ್ದರಿಂದ ತಮ್ಮ ಇಂದಿರೆಯನ್ನು ಪರದೆಯ ಮೇಲೆ ಅವರು ಕಾಣಲಿಲ್ಲ. ಇಂದಿರೆ ಶ್ರೀಮಂತರ ಒಬ್ಬಳೇ ಮಗಳು. ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ ಎಂದಾಗ ಮದುವೆಯಾಗಬೇಕಿದ್ದ ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಗಾಯಗೊಂಡು ಮಲಗಿದಾಗ ಅವಳು ಮನಸಾರೆ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಗೆ ಒಪ್ಪುತ್ತಾನೆ. ಆಗ ಅವಳು ಬೇಡವೆನ್ನುತ್ತಾಳೆ. ಮದುವೆಯ ಓಲಗದಲ್ಲಿ ಕಥೆ ಮುಗಿಯಬೇಕೆಂದು ಕಾದು ಕುಳಿತ ಪ್ರೇಕ್ಷಕರಿಗೆ ಆ ನಿರಾಕರಣೆ ಹೊಸದಾಗಿತ್ತು. ಹೊಸದಾದರೂ ಅದು ಸುಳ್ಳೆನಿಸಲಿಲ್ಲ. ಅವಳ ಒಳಗೆ ಏನು ಮುರಿಯಿತು ಎಂಬುದನ್ನು ಚಿತ್ರ ನಮಗೆ ಹೆಜ್ಜೆ ಹೆಜ್ಜೆಗೂ ತೋರಿಸಿಕೊಂಡು ಬಂದಿತ್ತು. ಒಳ್ಳೆಯ ಚಿತ್ರಕಥೆಯ ಮೊದಲ ಗುರುತನ್ನು ನಾನು ಇಲ್ಲಿ ಕಂಡೆ. ಮುಕ್ತಾಯವನ್ನು ಮುಂಚೆ ಊಹಿಸಲು ಬರಬಾರದು, ಕಂಡ ಮೇಲೆ ಬೇರೆ ರೀತಿ ಆಗಬಹುದಿತ್ತು ಎನಿಸಲೂಬಾರದು.

ಎರಡು ವರ್ಷದ ನಂತರ, 1969ರಲ್ಲಿ 'ಗೆಜ್ಜೆಪೂಜೆ' ಬಂತು. ಎಂ. ಕೆ. ಇಂದಿರಾ ಅವರ ಕಾದಂಬರಿ. ಆ ವರ್ಷದ ಅತ್ಯುತ್ತಮ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಮರುವರ್ಷ ಅದೇ ಪ್ರಶಸ್ತಿ 'ಪ್ರತಿದ್ವಂದಿ'ಗಾಗಿ ಸತ್ಯಜಿತ್ ರಾಯ್ ಅವರಿಗೆ ಹೋಯಿತು ಎಂದರೆ, ಕಣಗಾಲಿನ ಹುಡುಗ ಎಂಥವರ ಸಾಲಿನಲ್ಲಿ ಕುಳಿತಿದ್ದ ಎಂಬುದು ತಿಳಿಯುತ್ತದೆ.

ಈ ಚಿತ್ರದ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಚಂದ್ರಾ ಎಂಬ ಹುಡುಗಿಯ ಕಥೆ ಇದು. ಆ ಪಾತ್ರವನ್ನು ಕಲ್ಪನಾ ಮಾಡಿದರು, ತಾಯಿಯ ಪಾತ್ರವನ್ನು ಲೀಲಾವತಿ. ಚಂದ್ರಾಳ ಆಸೆ ಬಹಳ ಸಣ್ಣದು. ಓದಬೇಕು, ನೆರೆಮನೆಯ ಸೋಮುವನ್ನು ಮದುವೆಯಾಗಬೇಕು, ಎಲ್ಲರಂತೆ ಒಂದು ಮನೆ ಮಾಡಬೇಕು. ಗೆಜ್ಜೆಪೂಜೆ ಎಂದರೆ ಹುಡುಗಿಯನ್ನು ಆ ವೃತ್ತಿಗೆ ಇಳಿಸುವ ಶಾಸ್ತ್ರ. ನಮ್ಮ ಕಡೆ ಮುತ್ತು ಕಟ್ಟುವುದು ಎನ್ನುವ ಪದ್ಧತಿಯ ನೆರಳು ಇದರಲ್ಲಿದೆ ಎಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಚಿತ್ರಕಥೆಯ ಜಾಣ್ಮೆ ನೋಡಿರಿ. ಚಿತ್ರದ ಹೆಸರಿನಲ್ಲಿಯೇ ಅಪಾಯವನ್ನು ಹೇಳಿಬಿಟ್ಟಿದ್ದಾರೆ. ಹೀಗಾಗಿ ಚಂದ್ರಾ ಪುಸ್ತಕ ಹಿಡಿದು ನಡೆದರೂ ನಮಗೆ ಭಯ, ನಕ್ಕರೂ ಭಯ. ಎರಡನೆಯದಾಗಿ, ಮರ್ಯಾದಸ್ಥರ ಸಂಸಾರವನ್ನು ಆ ಮನೆಯ ಮಗ್ಗುಲಿಗೇ ತಂದು ನಿಲ್ಲಿಸಿದ್ದಾರೆ. ಎರಡು ಮನೆಗಳ ನಡುವೆ ನಾಲ್ಕು ಹೆಜ್ಜೆ, ಆದರೆ ಆ ನಾಲ್ಕು ಹೆಜ್ಜೆ ದಾಟಲು ಒಂದು ಜನ್ಮ ಸಾಲುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೀಸೆ ತಿರುವುವ ಒಬ್ಬ ಖಳನಾಯಕನನ್ನು ತಂದು ಅವನ ತಲೆಗೆ ತಪ್ಪನ್ನೆಲ್ಲ ಕಟ್ಟಿ ನಮ್ಮನ್ನು ಹಗುರಾಗಿ ಮನೆಗೆ ಕಳಿಸುವುದಿಲ್ಲ. ಹಿರಿಯಳಿಗೆ ಹೊಟ್ಟೆಪಾಡಿನ ಚಿಂತೆ, ತಾಯಿಗೆ ಕೈಲಾಗದ ಸಂಕಟ, ಊರಿನವರಿಗೆ ಮರ್ಯಾದೆಯ ಅಂಜಿಕೆ. ಒಬ್ಬೊಬ್ಬರ ಕಾರಣವೂ ನಮಗೆ ತಿಳಿಯುತ್ತದೆ. ಆ ಕಾರಣಗಳೆಲ್ಲ ಕೂಡಿ ಒಬ್ಬ ಹುಡುಗಿಯನ್ನು ಸುತ್ತುಗಟ್ಟುತ್ತವೆ. ಕೊನೆಗೆ ಆ ಬದುಕಿಗಿಂತ ಅವಳು ಸಾವನ್ನೇ ಆರಿಸಿಕೊಳ್ಳುತ್ತಾಳೆ. ಚಿತ್ರ ಮುಗಿದಾಗ ಬೈಯಲು ಯಾರೂ ಸಿಗುವುದಿಲ್ಲ, ಸಿಗುವವರು ನಾವೇ.

ಒಮ್ಮೆ ಹತ್ತನೆಯ ತರಗತಿಯಲ್ಲಿ ಈ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಚಂದ್ರಾ ಸಾಯಬೇಕಾಗಿತ್ತೇ, ಓಡಿಹೋಗಿ ಓದು ಮುಂದುವರಿಸಬಹುದಿತ್ತಲ್ಲ ಎಂದು ಕೇಳಿದಳು. ಅದು ಪ್ರಶಸ್ತಿ ಕೊಟ್ಟವರಿಗೂ ಕೇಳಬಹುದಾದ ಪ್ರಶ್ನೆ. ಪುಟ್ಟಣ್ಣನವರ ನಾಯಕಿಯರಲ್ಲಿ ಹಲವರ ದಾರಿ ಸಾವಿಗೋ ಹುಚ್ಚಿಗೋ ಹೋಗಿ ನಿಲ್ಲುತ್ತದೆ. 1971ರ 'ಶರಪಂಜರ'ದ ಕಾವೇರಿ ಮನೋರೋಗದಿಂದ ಗುಣವಾಗಿ ಮನೆಗೆ ಬಂದರೂ ಮನೆಯವರ, ನೆರೆಹೊರೆಯವರ ಅನುಮಾನ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತದೆ. ಹೆಣ್ಣಿನ ಕಣ್ಣೀರು ಅವರ ಚಿತ್ರಗಳಲ್ಲಿ ತುಸು ಹೆಚ್ಚಾಯಿತು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಚಂದ್ರಾಳಿಗೆ ಒಂದು ಬಾಗಿಲು ತೆರೆದಿದ್ದರೆ ನಾವು ಸಮಾಧಾನದಿಂದ ಮಲಗುತ್ತಿದ್ದೆವು. ಎಲ್ಲ ಬಾಗಿಲು ಮುಚ್ಚಿ ತೋರಿಸಿದ್ದರಿಂದಲೇ ಅವಳಿಗೆ ಬಾಗಿಲೆಲ್ಲಿ ಎಂದು ನೀನು ಎದ್ದುನಿಂತು ಕೇಳಿದೆ. ನೋಡಿದವರಿಂದ ಇಂಥ ಪ್ರಶ್ನೆ ಹೊರಡಿಸುವುದು ಚಿತ್ರಕಥೆಯ ಕೆಲಸ, ಬಾಗಿಲು ತೆರೆಯುವುದು ಊರಿನ ಕೆಲಸ, ಶಾಲೆಯ ಕೆಲಸ.

ಕರ್ನಾಟಕದಲ್ಲಿ ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಆದದ್ದು 1982ರಲ್ಲಿ, ಚಿತ್ರ ಬಂದು 13 ವರ್ಷಗಳ ಮೇಲೆ. ಸಿನಿಮಾದಿಂದಲೇ ಕಾಯ್ದೆ ಬಂತೆಂದು ನಾನು ಹೇಳುವುದಿಲ್ಲ. ಆದರೆ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ತಲೆ ತಗ್ಗಿಸಿ ಕುಳಿತ ತಾಯಂದಿರನ್ನು ನನ್ನ ನೌಕರಿಯಲ್ಲಿ ಕಂಡಿದ್ದೇನೆ. ಆಗೆಲ್ಲ ನನಗೆ ಚಂದ್ರಾ ನೆನಪಾಗಿದ್ದಾಳೆ. ಅರ್ಜಿ ತಿರುಗಿಸಿ ಕಳಿಸಲು ನನ್ನ ಕೈ ಬರಲಿಲ್ಲ.

ಮಾಸ್ತರರಾದವರೆಲ್ಲ ನೋಡಲೇಬೇಕಾದದ್ದು 1972ರ ಕೊನೆಗೆ ತೆರೆಕಂಡ 'ನಾಗರಹಾವು'. ಆಗ ನಮ್ಮದು ರಾಯಚೂರು ಜಿಲ್ಲೆ, ಯಲಬುರ್ಗಾ ತಾಲ್ಲೂಕು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ರಾಮಾಚಾರಿಯನ್ನು ನೋಡಿ ಸಿಳ್ಳೆ ಹಾಕಿದವರಲ್ಲಿ ನಾನೂ ಒಬ್ಬ. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ, ಅಂಬರೀಷ್ ಅವರಿಗೂ ಮೊದಲನೆಯದು. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರದಲ್ಲಿ ಹಿಡಿದಿಟ್ಟರು ಪುಟ್ಟಣ್ಣ. ಕಾದಂಬರಿಕಾರರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿಯೇ. ಮೂರು ಪುಸ್ತಕ ಓದಿದವರಿಗೆ ಬಿಟ್ಟುಹೋದದ್ದು ಕಾಣುತ್ತದೆ, ಅದು ಸಹಜ. ಉಳಿಸಿಕೊಂಡದ್ದನ್ನು ಹೇಗೆ ಕಟ್ಟಿದರು ಎಂಬುದನ್ನೂ ನೋಡಬೇಕು.

ರಾಮಾಚಾರಿ ಹೆತ್ತವರ ಮಾತು ಕೇಳದ ಹುಡುಗ, ಕೇಳುವುದು ಚಾಮಯ್ಯ ಮೇಷ್ಟ್ರ ಮಾತನ್ನು ಮಾತ್ರ. ಅಶ್ವತ್ಥ್ ಅವರು ಮಾಡಿದ ಆ ಮೇಷ್ಟ್ರ ಪ್ರೀತಿಯನ್ನು ಚಿತ್ರ ನಿಧಾನವಾಗಿ ನಮ್ಮೊಳಗೆ ಇಳಿಸುತ್ತದೆ. ನಾವು ನಂಬಿದ ಮೇಲೆ ಆ ಮೇಷ್ಟ್ರು ಶಿಷ್ಯನ ಬಳಿ ಬಂದು, ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳುತ್ತಾರೆ. ಅವನು ಬಿಡುತ್ತಾನೆ. ಗುರುಭಕ್ತಿ ಗೆದ್ದಿತೆಂದು ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಎಷ್ಟೋ ಕಾಲದ ಮೇಲೆ ಅದೇ ಅಲಮೇಲು ಮೈ ಮಾರಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಅವನು ಮಾಡಿದ ತ್ಯಾಗಕ್ಕೆ ಬೆಲೆ ತೆತ್ತವಳು ಅವಳು. ಆಮೇಲೆ ದುರ್ಗದ ಬೆಟ್ಟದ ಮೇಲೆ ಮೇಷ್ಟ್ರು ಎರಡನೆಯ ಸಲ ಬಂದು, ಮಾರ್ಗರೆಟ್‌ಳನ್ನು ಬಿಡು ಎಂದು ಕೇಳುತ್ತಾರೆ. ಕೇಳುವವರು ಅವರೇ, ಕೇಳಿದ್ದೂ ಅದೇ, ಆದರೆ ಈಗ ಕೇಳಿಸಿಕೊಳ್ಳುವ ನಾವು ಬೇರೆಯಾಗಿದ್ದೇವೆ. ಅಲ್ಲಿಂದ ಮುಂದೆ ಮೇಷ್ಟ್ರೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಒಂದೇ ಬೇಡಿಕೆಯನ್ನು ಎರಡು ಸಲ ಇಟ್ಟು, ನಡುವೆ ಅಲಮೇಲುವಿನ ಗತಿಯನ್ನು ತೋರಿಸಿದ್ದೇ ಆ ಚಿತ್ರಕಥೆಯ ನಡುಗಂಬ. ಮಕ್ಕಳ ಮೇಲೆ ಪ್ರೀತಿ ಇದ್ದರೆ ಸಾಲದು, ಅವರ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಯಾವ ತರಬೇತಿಯೂ ನನಗೆ ಇಷ್ಟು ಗಟ್ಟಿಯಾಗಿ ಕಲಿಸಲಿಲ್ಲ.

ನಮ್ಮ ಸೀಮೆಯ ಒಂದು ನಂಟನ್ನೂ ಇಲ್ಲಿ ಹೇಳಬೇಕು. 1976ರಲ್ಲಿ ಪುಟ್ಟಣ್ಣ ಮೂರು ಸಣ್ಣಕಥೆಗಳನ್ನು ಸೇರಿಸಿ 'ಕಥಾಸಂಗಮ' ಮಾಡಿದರು. ಅದರಲ್ಲಿ 'ಹಂಗು' ಕಥೆ ಗಿರಡ್ಡಿ ಗೋವಿಂದರಾಜರದು. ಅವರು ನಮಗೆ ದೂರದವರಲ್ಲ, ರೋಣ ತಾಲ್ಲೂಕಿನ ಅಬ್ಬಿಗೇರಿಯವರು. ತತ್ವ ಹಿಡಿದು ಬಾಳಬೇಕೆಂದ ಪ್ರಾಧ್ಯಾಪಕನೊಬ್ಬ ಇನ್ನೊಬ್ಬರ ಹಂಗಿಗೆ ಸಿಕ್ಕಾಗ ಏನಾಗುತ್ತದೆ ಎಂಬುದು ಅದರ ಹೂರಣ. ದೊಡ್ಡ ಕಾದಂಬರಿಯನ್ನು ಇಳಿಸುವುದು ಒಂದು ವಿದ್ಯೆ, ಕೆಲವೇ ಪುಟದ ಕಥೆಯನ್ನು ಕೆಡಿಸದಂತೆ ಬೆಳೆಸುವುದು ಇನ್ನೊಂದು. ಎರಡೂ ಅವರಿಗೆ ಬರುತ್ತಿದ್ದವು. ನಾಟಕ ಕಂಪನಿಗಳ ಹುಚ್ಚು ಹಿಡಿದ ನಮ್ಮ ಹಿರಿಯರಿಗೆ 1981ರ 'ರಂಗನಾಯಕಿ' ಬಹಳ ಹಿಡಿಸಿತ್ತು. ಬಣ್ಣ ಹಚ್ಚುವ ಹೆಣ್ಣಿಗೆ ಮನೆಯೂ ಬೇಕು, ರಂಗವೂ ಬೇಕು ಎಂದಾಗ ಏಳುವ ಸಂಕಟ ಅದರ ವಸ್ತು.

ಕೊನೆಯ ವರ್ಷಗಳಲ್ಲಿ ಅವರ ಎಲ್ಲ ಚಿತ್ರಗಳೂ ಮೊದಲಿನಂತೆ ಓಡಲಿಲ್ಲ. ಆದರೂ ಕೆಲಸ ಬಿಡಲಿಲ್ಲ. 'ಮಸಣದ ಹೂವು' ಚಿತ್ರ ನಡೆಯುತ್ತಿರುವಾಗಲೇ 1985ರ ಜೂನ್ 5ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ. ಉಳಿದ ಭಾಗವನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರೈಸಿದರು. ಆ ಚಿತ್ರದ ವಸ್ತುವೂ ವೇಶ್ಯಾವಾಟಿಕೆಯೇ. 'ಗೆಜ್ಜೆಪೂಜೆ'ಯಲ್ಲಿ ಎತ್ತಿದ ಪ್ರಶ್ನೆ ಕೊನೆಯವರೆಗೂ ಅವರನ್ನು ಬಿಟ್ಟಿರಲಿಲ್ಲ. ಇಂದು ರಾಜ್ಯ ಸರ್ಕಾರ ಹಿರಿಯ ನಿರ್ದೇಶಕರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಈಗಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಹಳೆಯ ಚಿತ್ರ ನೋಡಲು ಟಾಕೀಸು ಬರುವವರೆಗೆ ಕಾಯಬೇಕಾಗಿಲ್ಲ. ಅವರಿಗೆ ನನ್ನದೊಂದು ಸಣ್ಣ ಮಾತು. ಚಿತ್ರ ನೋಡಿದ ಮೇಲೆ ಹಾಡು ಚೆನ್ನಾಗಿತ್ತು, ಹೊಡೆದಾಟ ಚೆನ್ನಾಗಿತ್ತು ಎಂದಷ್ಟೇ ಹೇಳಿ ಏಳಬೇಡಿರಿ. ಅದರಲ್ಲಿ ಯಾರಿಗೆ ಏನು ಬೇಕಾಗಿತ್ತು, ಅಡ್ಡ ನಿಂತವರು ಯಾರು, ಅವರಿಗೂ ಒಂದು ಕಾರಣವಿತ್ತೇ, ನೋಡಿದ ಮೇಲೆ ನಿಮ್ಮ ಓಣಿಯ ಯಾರನ್ನಾದರೂ ಬೇರೆ ಕಣ್ಣಿನಿಂದ ನೋಡುವಂತಾಯಿತೇ ಎಂದು ಕೇಳಿಕೊಳ್ಳಿರಿ. ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಚಿತ್ರ ಎಷ್ಟು ಹಳೆಯದಾದರೂ ಹೊಸದೇ. ಕಣಗಾಲಿನ ಪುಟ್ಟಣ್ಣನವರು ಶಾಲೆಯ ಮಾಸ್ತರಿಕೆ ಬಿಟ್ಟು ಹೋದರೂ ಈ ಪಾಠವನ್ನು ನಮಗೆಲ್ಲ ಹೇಳಿಕೊಟ್ಟು ಹೋದರು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಊರಿನ ಪ್ರತಿ ಮನೆಯ ಹೆಣ್ಣುಮಗುವಿನ ಹೆಸರೂ ಇರಲಿ, ಹತ್ತನೆಯ ತರಗತಿಯ ಕೊನೆಯ ದಿನದವರೆಗೂ ಉಳಿಯಲಿ ಎಂದು ಹಾರೈಸುತ್ತೇನೆ.