ಬ್ರೈಲ್ ಒಂದು ಭಾಷೆಯೇ?

ಹಾಗೆಂದು ಫಾರ್ವರ್ಡ್ ಬಂದರೆ ನಂಬಬೇಡಿ. ಅದು ಲಿಪಿ, ಕನ್ನಡವನ್ನೂ ಅದರಲ್ಲಿ ಬರೆಯುತ್ತಾರೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಫ್ರಾನ್ಸಿನಲ್ಲಿ. ಅಪ್ಪ ಕುದುರೆ ಜೀನು ಹೊಲಿಯುವವರು. ಮೂರು ವರ್ಷದವನಿದ್ದಾಗ ಅಪ್ಪನ ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿತು. ಸೋಂಕು ಹರಡಿ ಎರಡೂ ಕಣ್ಣು ಹೋದವು.

ಪ್ಯಾರಿಸ್‌ನ ಅಂಧರ ಶಾಲೆಯ ಪುಸ್ತಕಗಳಲ್ಲಿ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಓದುವುದೇ ಕಷ್ಟ, ಬರೆಯುವ ಮಾತು ದೂರ. (ಕಣ್ಣಿದ್ದವರು ಮಾಡಿದ ವಿನ್ಯಾಸ, ನೋಡಿ!) ಶಾರ್ಲ್ ಬಾರ್ಬಿಯೇ ಎಂಬುವವರ ಹನ್ನೆರಡು ಚುಕ್ಕೆಗಳ ಬರಹವೂ ಬೆರಳ ತುದಿಗೆ ಒಮ್ಮೆಗೇ ಸಿಗುತ್ತಿರಲಿಲ್ಲ. 15ರ ಹುಡುಗ ಅದನ್ನು ಆರಕ್ಕಿಳಿಸಿದ. ಆರು ಚುಕ್ಕೆಗಳಿಂದ 63 ಜೋಡಣೆ: ಅಕ್ಷರ, ಅಂಕಿ, ಸಂಗೀತ ಎಲ್ಲಕ್ಕೂ ಸಾಕು.

1840ರ ದಶಕದಲ್ಲಿ ಶಾಲೆಯೇ ಇದನ್ನು ನಿಷೇಧಿಸಿತು. ಮಕ್ಕಳು ಕದ್ದು ಬರೆದರು. ಲೂಯಿ ತೀರಿಕೊಂಡದ್ದು 1852ರಲ್ಲಿ. ಫ್ರಾನ್ಸ್ ಒಪ್ಪಿದ್ದು 1854ರಲ್ಲಿ.

ಇಂದು ಕನ್ನಡದ ‘ಕ’ಕ್ಕೆ ಎರಡೇ ಚುಕ್ಕೆ.