ಪಂಡಿತೆ ರಮಾಬಾಯಿಯವರೂ ಎರಡು ಭಾಷೆಗಳ ಬಾಳೂ

ಮನೆಯಲ್ಲಿ ಒಂದು ಮಾತು, ಪಾಠದಲ್ಲಿ ಇನ್ನೊಂದು ಮಾತು ಆದರೆ ಹುಡುಗಿಯ ಬುದ್ಧಿಯು ತೊಡಕಾಗುವುದೆಂದು ಅಂಜುವ ತಾಯಿತಂದೆಗಳು ಹಲವರಿದ್ದಾರೆ. ಅವರ ಮುಂದೆ ನಾವು ಪಂಡಿತೆ ರಮಾಬಾಯಿಯವರ ಚರಿತ್ರೆಯನ್ನು ಇಡಬಯಸುತ್ತೇವೆ.

ರಮಾಬಾಯಿಯವರು 1858ನೆಯ ಇಸವಿಯಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ಕಾರ್ಕಳ ಸೀಮೆಯ ಮಾಳದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ನಿಂದೆಯನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ಮನೆಮಾತು ಮರಾಠಿ, ಪಾಠ ಸಂಸ್ಕೃತ. ತೀರ್ಥಯಾತ್ರೆಯ ದಾರಿಯಲ್ಲಿ ಬೇರೆ ಭಾಷೆಗಳೂ ಬಂದು ಸೇರಿದವು. 1874ರ ಸುಮಾರಿಗೆ ಕ್ಷಾಮದಲ್ಲಿ ತಂದೆತಾಯಿಗಳು ತೀರಿಹೋದರು. ಅಣ್ಣನೊಡನೆ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ, ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ವಿವಾಹವಾಗಿ ಎರಡು ವರ್ಷ ತುಂಬುವುದರೊಳಗೆ, 1882ರಲ್ಲಿ, ಎಳೆಗೂಸು ಮನೋರಮೆಯೊಡನೆ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಆಕೆ ಸಂಸ್ಕೃತಕ್ಕೆ ಉಪಾಧ್ಯಾಯಿನಿ, ಇಂಗ್ಲಿಷಿಗೆ ವಿದ್ಯಾರ್ಥಿನಿ!

ಆ ಬಳಿಕ ಅಮೇರಿಕೆಗೆ ಹೋದ ಸಂಗತಿಯೇ ನಮಗೆ ಮುಖ್ಯವಾದುದು. ಮೇಲುಜಾತಿಯ ಹಿಂದೂ ಸ್ತ್ರೀಯ ಅವಸ್ಥೆಯನ್ನು ಅಲ್ಲಿಯ ಜನರಿಗಾಗಿ 1887ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ಅಮೇರಿಕೆಯ ಜನಜೀವನವನ್ನು ಸ್ವದೇಶದವರಿಗಾಗಿ 1889ರಲ್ಲಿ ಮರಾಠಿಯಲ್ಲಿ ಬರೆದರು. ಮೊದಲನೆಯದು ಅಪರಿಚಿತರ ಕರುಣೆಯನ್ನು ಎಬ್ಬಿಸಿ ವಿಧವೆಯರ ಶಾಲೆಗೆ ಸಹಾಯ ಕೂಡಿಸುವುದಕ್ಕೆ; ಎರಡನೆಯದು ನಮ್ಮವರ ಕಣ್ತೆರೆಸುವುದಕ್ಕೆ. ಒಂದನ್ನೇ ಇನ್ನೊಂದಕ್ಕೆ ಭಾಷಾಂತರಿಸಿದ್ದರೆ ಎರಡೂ ಕೆಡುತ್ತಿದ್ದವು. ಓದುವವರು ಯಾರೆಂದು ಅರಿತು ಮನಸ್ಸನ್ನೇ ಹೊರಳಿಸಿಕೊಳ್ಳುವ ಈ ಶಕ್ತಿಯು ಭಾಷೆಗಳಿಂದ ಬಂದಿತೋ, ಅಲೆದಾಟದ ಕಷ್ಟಗಳಿಂದ ಬಂದಿತೋ? ಎರಡು ಭಾಷೆಯವರು ಒಂದು ಕೆಲಸದಿಂದ ಮತ್ತೊಂದಕ್ಕೆ ಬೇಗನೆ ಹೊರಳುವರೆಂದು ಕೆಲವು ಮನಶ್ಶಾಸ್ತ್ರಜ್ಞರು ಪರೀಕ್ಷೆಗಳಿಂದ ಹೇಳಿದ್ದಾರೆ. ಬೇರೆಯವರ ಪರೀಕ್ಷೆಗಳಲ್ಲಿ ಆ ಭೇದವು ಕಾಣಲಿಲ್ಲ. ಎರಡು ಭಾಷೆಗಳಿಂದ ಬುದ್ಧಿ ಕೆಡುವುದೆಂಬ ಹಳೆಯ ಮಾತಂತೂ ನಿಲ್ಲಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನೂ ಬಳಿಕ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನೂ ಸ್ಥಾಪಿಸಿದರು. ಹಿಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಿರುಗಿಸತೊಡಗಿದರು. ಸಂಸ್ಕೃತದಲ್ಲಿಯೇ ಬೆಳೆದ ಈ ವಿದುಷಿಯು ಸಂಸ್ಕೃತದ ಬಿಗಿಮಾತುಗಳನ್ನು ಬಿಟ್ಟು, ಹೆಚ್ಚು ಓದದ ಹೆಂಗಸರಿಗೂ ತಿಳಿಯುವ ಮಾತುಗಳನ್ನು ಹುಡುಕಿದರು. ನಮಗೆ ಇದೇ ದೊಡ್ಡ ಸಾಧನೆಯೆಂದು ತೋರುತ್ತದೆ. ಬಲ್ಲ ಭಾಷೆಯನ್ನು ಆಡುವುದಕ್ಕಿಂತ ಅದನ್ನು ತಡೆದುಕೊಳ್ಳುವುದು ಕಷ್ಟ. ಆದರೂ ಆ ಭಾಷಾಂತರವು ಸಭೆಗಳಲ್ಲಿ ಹೆಚ್ಚಾಗಿ ರೂಢಿಗೆ ಬರಲಿಲ್ಲ. ಅಚ್ಚಿನ ಕೆಲಸವನ್ನು ಸದನದ ಹೆಂಗಸರೇ ನಡಿಸಿದರು. 1921ರಲ್ಲಿ ಮಗಳು ಮನೋರಮೆಯು ತೀರಿಕೊಂಡ ದುಃಖದಲ್ಲಿಯೂ ರಮಾಬಾಯಿಯವರು ಆ ಕೆಲಸವನ್ನು ಬಿಡದೆ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಗ್ರಂಥವು 1924ರಲ್ಲಿ ಹೊರಬಂದಿತು.