ಹೊರೆ ಹೊತ್ತ ರಾಜಕುಮಾರ

ಲಿಂಗಸುಗೂರಿನ ಮನೆಯಿಂದ ಸಿಂಧನೂರಿನ ಕಾಲೇಜಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯನಿಗೂ ಎಟುಕುವಂಥದು ಎಂಬುದು ಅದರ ತಿರುಳು. ಅದನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ, ದೊಡ್ಡವನಾಗಿ ಹುಟ್ಟಿ ಸಾಮಾನ್ಯನಾಗಬಯಸಿದ ತರುಣನೊಬ್ಬನ ಬಾಳು ನನ್ನ ನೆನಪಿಗೆ ಬರುತ್ತದೆ.

ಅವನ ಪರಿಚಯ ನನಗಾದದ್ದು ಮಂಗಳೂರಿನಲ್ಲಿ. 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಒಳಛಾವಣಿಯಲ್ಲಿ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಆ ಜೀವನವನ್ನು ಬಣ್ಣಗಳಲ್ಲಿ ಬರೆದಿಟ್ಟಿದ್ದಾನೆ.

ಅಲೋಶಿಯಸ್ ಗೊನ್ಜಾಗ ಹುಟ್ಟಿದ್ದು 1568ರ ಮಾರ್ಚ್ 9ರಂದು, ಉತ್ತರ ಇಟಲಿಯ ಕಸ್ತಿಲ್ಯೋನೆಯ ಒಡೆಯನ ಹಿರಿಯ ಮಗನಾಗಿ. ತಂದೆ ಫೆರಾಂತೆಗೆ ಮಗ ಯೋಧನಾಗಬೇಕೆಂಬ ಹಂಬಲ. ಐದರ ಪ್ರಾಯದಲ್ಲಿಯೇ ಹುಡುಗ ಸೈನಿಕರ ಪಾಳೆಯದಲ್ಲಿ ಆಡಿ, ಅವರ ಒರಟು ಮಾತುಗಳನ್ನು ಕಲಿತನು. ಅರ್ಥ ತಿಳಿದ ಮೇಲೆ ಅದಕ್ಕಾಗಿ ಬಹುಕಾಲ ನೊಂದನು. ಫ್ಲಾರೆನ್ಸಿನ ಅರಮನೆಯ ವೈಭವದ ನಡುವೆಯೇ ಬ್ರಹ್ಮಚರ್ಯದ ವ್ರತ ತೊಟ್ಟನು. ಭಾರತದಲ್ಲಿದ್ದ ಯೇಸುಸಭೆಯ ಪಾದ್ರಿಗಳ ವೃತ್ತಾಂತವನ್ನು ಓದಿದಾಗ ಅವನ ಮನಸ್ಸು ಆ ಕಡೆಗೆ ತಿರುಗಿತು. ಮುಂದೆ ಮ್ಯಾಡ್ರಿಡ್ಡಿನಲ್ಲಿ ಸ್ಪೇನಿನ ರಾಜಕುಮಾರನ ಸೇವಕನಾಗಿದ್ದಾಗ ಸಂಕಲ್ಪ ಗಟ್ಟಿಯಾಯಿತು.

ತಂದೆ ಸಿಟ್ಟಾದನು, ಬೆದರಿಸಿದನು, ಕಾಲವನ್ನು ಮುಂದೂಡಿದನು. ಮಗ ಕದಲಲಿಲ್ಲ. 1585ರ ನವೆಂಬರಿನಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮ ರುದೋಲ್ಫನಿಗೆ ಬಿಟ್ಟುಕೊಟ್ಟು, ಅದೇ ತಿಂಗಳು ರೋಮಿನಲ್ಲಿ ಯೇಸುಸಭೆಯನ್ನು ಸೇರಿದನು. ಆಗ ಅವನಿಗೆ ಹದಿನೇಳು ವರ್ಷ.

ಸಿಂಹಾಸನವನ್ನು ಬಿಟ್ಟ ಕಥೆಗಳು ನಮ್ಮ ನಾಡಿಗೆ ಹೊಸವಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಂಡವರಿಗೆ ತ್ಯಾಗದ ಎತ್ತರ ತಿಳಿದಿದೆ. ಆದರೆ ಅಲೋಶಿಯಸನ ನಿಜವಾದ ಪರೀಕ್ಷೆ ಆ ಬಳಿಕ ಬಂದಿತು. 1591ರಲ್ಲಿ ಸಾಂಕ್ರಾಮಿಕ ಪಿಡುಗು ರೋಮನ್ನು ಮುತ್ತಿತು. ಅವನು ರೋಗಿಗಳಿಗಾಗಿ ಭಿಕ್ಷೆ ಬೇಡಿದನು, ಅವರ ಮೈತೊಳೆದನು. ರೋಗದ ನಾತಕ್ಕೆ ಅವನ ಒಡಲು ಹಿಮ್ಮೆಟ್ಟುತ್ತಿತ್ತು. ಆ ಹೇವರಿಕೆಯನ್ನು ಗೆದ್ದೇ ಅವನು ಮುಂದುವರಿಯಬೇಕಾಗಿತ್ತು. ಹಿರಿಯರು ಅಂಜಿ, ಸೋಂಕಿಲ್ಲದವರ ಆಸ್ಪತ್ರೆಯೊಂದರಲ್ಲಿ ಮಾತ್ರ ಸೇವೆಗೆ ಅಪ್ಪಣೆ ಕೊಟ್ಟರು. ಅಲ್ಲಿ ಅವನು ಎತ್ತಿ ಆರೈಕೆ ಮಾಡಿದ ಒಬ್ಬನಿಗೇ ಸೋಂಕಿತ್ತು. ಮಾರ್ಚಿನಲ್ಲಿ ಹಾಸಿಗೆ ಹಿಡಿದ ಅಲೋಶಿಯಸ್ ಜೂನ್ 21ರಂದು ತೀರಿಕೊಂಡನು, ವಯಸ್ಸು ಇಪ್ಪತ್ತಮೂರು.

ಹದಿನಾಲ್ಕು ವರ್ಷಗಳಲ್ಲಿಯೇ, 1605ರಲ್ಲಿ, ಪೋಪರು ಅವನನ್ನು ಧನ್ಯನೆಂದು ಸಾರಿದರು. ಸಂತಪದವಿಗೆ ಮಾತ್ರ 1726ರವರೆಗೆ ಕಾಯಬೇಕಾಯಿತು. ಮೂರು ವರ್ಷಗಳ ಬಳಿಕ ವಿದ್ಯಾರ್ಥಿಗಳ ಪೋಷಕಸಂತನೆಂಬ ಮನ್ನಣೆಯೂ ದೊರೆಯಿತು.

ಈ ತೀರ್ಮಾನಗಳನ್ನು ತೂಗುವ ಅಧಿಕಾರ ನನಗಿಲ್ಲ. ನಾನು ಆ ಮತದವನೂ ಅಲ್ಲ. ಆದರೆ 2021ರ ಬೇಸಗೆಯಲ್ಲಿ ನಮ್ಮ ಓಣಿಯ ಮುದುಕರೊಬ್ಬರು ಬಾಗಿಲಲ್ಲಿ ಕುಸಿದಾಗ, ನಾನು ದೂರ ನಿಂತು ವಾಹನಕ್ಕೆ ಫೋನು ಮಾಡಿದೆನು. ನನ್ನ ಇಬ್ಬರು ವಿದ್ಯಾರ್ಥಿಗಳು ಬಂದು ಅವರನ್ನು ಎತ್ತಿಕೊಂಡರು. ಪಾಠ ಹೇಳಿದವನು ನಾನು, ಕಲಿತವರು ಅವರು. ಅಂದಿನಿಂದ ಮಸ್ಕಿಯ ಶಾಸನವನ್ನು ವಿವರಿಸುವಾಗ ನನ್ನ ದನಿ ಮೊದಲಿನಷ್ಟು ಏರುವುದಿಲ್ಲ.